ಯಾರು ಕೂಗಿದರು, ಯಾರು ಕೇಳಿಸಿಕೊಂಡರು: ಕಾಡಿನ ಚಿಂಪಾಂಜಿಗಳ ಸಂವಹನದ ಅಧ್ಯಯನ

(ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಹಾಗೂ ಆಸಕ್ತ ನಾಗರಿಕರ ಮುಂದೆ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಪ್ರಾಣಿಯೊಂದು ಕೂಗಿದಾಗ ಅದು ಏನನ್ನೋ ಹೇಳುತ್ತಿದೆ ಎಂದು ನಮಗೆ ಅನ್ನಿಸುವುದು ಸಹಜ. ಹಾಗೆ ಅನ್ನಿಸುವುದು ಒಂದು, ಅದನ್ನು ಸಾಕ್ಷಿ ಸಮೇತ ಇನ್ನೊಬ್ಬರಿಗೆ ತೋರಿಸಿಕೊಡುವುದು ಇನ್ನೊಂದು. ಇವೆರಡರ ನಡುವಿನ ದಾರಿಯನ್ನು ಕ್ರಮಿಸಲು ಚಿಂಪಾಂಜಿಗಳ ಅಧ್ಯಯನಕ್ಕೆ ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿದಿದೆ. ನಾನು ಇಂದು ಮಾತನಾಡಲಿರುವುದು ಆ ದಾರಿಯ ಕುರಿತು. ಚಿಂಪಾಂಜಿ ನಮ್ಮ ಹತ್ತಿರದ ಬಂಧು, ಬುದ್ಧಿವಂತ ಪ್ರಾಣಿ ಎಂಬುದು ನಿಮಗೆಲ್ಲ ತಿಳಿದೇ ಇದೆ. ಅದರ ಕೂಗಿಗೆ, ಕೈಸನ್ನೆಗೆ ಅರ್ಥವಿದೆ ಎಂದು ನಾವು ಯಾವ ಆಧಾರದ ಮೇಲೆ ಹೇಳುತ್ತೇವೆ ಎಂಬ ಪ್ರಶ್ನೆ ನನಗೆ ಅದಕ್ಕಿಂತ ಮುಖ್ಯವಾದದ್ದು. ಕೂಗಿದವರು ಯಾರು ಎಂಬಷ್ಟೇ ಎಚ್ಚರದಿಂದ, ಕೇಳಿಸಿಕೊಂಡವರು ಯಾರು, ಅವರಿಗೆ ಮೊದಲೇ ಏನು ಗೊತ್ತಿತ್ತು, ಕೇಳಿದ ಮೇಲೆ ಏನು ಮಾಡಿದರು ಎಂಬುದನ್ನು ಗಮನಿಸಿದವರಿಗೆ ಮಾತ್ರ ಆ ಅರ್ಥ ದಕ್ಕುತ್ತದೆ ಎಂಬುದು ನನ್ನ ತಿಳಿವಳಿಕೆ.

ಮೊದಲು ಚಿಂಪಾಂಜಿಗಳ ಸಮಾಜದ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಪಶ್ಚಿಮ ಆಫ್ರಿಕಾದ ಸೆನೆಗಲ್‌ನಿಂದ ಪೂರ್ವದ ತಾಂಜಾನಿಯಾದವರೆಗೆ ಅವು ಹರಡಿವೆ. ಒಂದು ಸಮುದಾಯದಲ್ಲಿ ಸಾಮಾನ್ಯವಾಗಿ ಕೆಲವು ಹತ್ತುಗಳಷ್ಟು ಪ್ರಾಣಿಗಳಿರುತ್ತವೆ. ಉಗಾಂಡಾದ ಕಿಬಾಲೆ ಕಾಡಿನ ಎನ್‌ಗೊಗೊ ಸಮುದಾಯದಲ್ಲಿ ಮಾತ್ರ ಆ ಸಂಖ್ಯೆ ಒಂದು ಕಾಲಕ್ಕೆ ಇನ್ನೂರರ ಆಸುಪಾಸಿಗೆ ಮುಟ್ಟಿತ್ತು. ಆದರೆ ಇಡೀ ಸಮುದಾಯ ಒಂದೆಡೆ ಸೇರುವುದು ಅಪರೂಪ. ಹಣ್ಣು ಎಷ್ಟಿದೆ, ಯಾವ ಮರದಲ್ಲಿದೆ ಎಂಬುದಕ್ಕೆ ತಕ್ಕಂತೆ ಅವು ಸಣ್ಣ ಸಣ್ಣ ತಂಡಗಳಾಗಿ ಒಡೆಯುತ್ತವೆ, ಮತ್ತೆ ಕೂಡುತ್ತವೆ. ಗಂಡುಗಳು ಹುಟ್ಟಿದ ಸಮುದಾಯದಲ್ಲಿಯೇ ಬಾಳು ಕಳೆಯುತ್ತವೆ. ಹೆಣ್ಣುಗಳಲ್ಲಿ ಹೆಚ್ಚಿನವು ಹರೆಯಕ್ಕೆ ಬಂದಾಗ ನೆರೆಯ ಸಮುದಾಯಕ್ಕೆ ಹೋಗಿ ಸೇರುತ್ತವೆ. ಬೆಳಿಗ್ಗೆ ಜೊತೆಗಿದ್ದ ಗೆಳೆಯ ಮಧ್ಯಾಹ್ನ ಒಂದು ಕಿಲೋಮೀಟರ್ ಆಚೆ, ದಟ್ಟ ಕಾಡಿನ ಮರೆಯಲ್ಲಿರಬಹುದಾದ ಇಂಥ ಸಮಾಜದಲ್ಲಿ ದೂರದಿಂದ ಕೇಳುವ ಕೂಗು ಇಲ್ಲದೆ ಬದುಕು ಸಾಗದು.

ಧಾರವಾಡದಲ್ಲಿ ನಿಂತು ಈ ವಿಷಯ ಮಾತನಾಡುವಾಗ ಸ್ವಲ್ಪ ಪಕ್ಕದ ದಾರಿಗೆ ಹೋಗಲೇಬೇಕು, ಏಕೆಂದರೆ ಚಿಂಪಾಂಜಿ ಅಧ್ಯಯನದ ಚರಿತ್ರೆಯ ಒಂದು ಎಳೆ ಈ ಊರಿನ ಮೂಲಕ ಹಾದುಹೋಗಿದೆ. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಯುಕಿಮಾರು ಸುಗಿಯಾಮಾ ಅವರು 1961ರಿಂದ 1963ರವರೆಗೆ ಧಾರವಾಡದ ಸುತ್ತಲಿನ ಕಾಡುಗಳಲ್ಲಿ ಮುಸುವಗಳನ್ನು ಅಧ್ಯಯನ ಮಾಡಿದರು. ನಮ್ಮ ಹೊಲಗಳ ಅಂಚಿನಲ್ಲಿ, ಗುಡಿಯ ಪೌಳಿಯ ಮೇಲೆ ದಿನವೂ ಕಾಣುವ ಅದೇ ಕಪ್ಪು ಮೋರೆಯ ಮುಸುವಗಳು. 1962ರಲ್ಲಿ ಅವರ ಕಣ್ಣೆದುರಿಗೇ ಗಂಡುಗಳ ಗುಂಪೊಂದು ಒಂದೇ ಗಂಡಿದ್ದ ಹಿಂಡಿನ ಮೇಲೆ ಬಿದ್ದು ಆ ಯಜಮಾನನನ್ನು ಓಡಿಸಿತು. ಗೆದ್ದವುಗಳಲ್ಲಿ ಒಂದು ಗಂಡು ಉಳಿದವನ್ನೂ ಹೊರಗಟ್ಟಿ ಹಿಂಡನ್ನು ತನ್ನದಾಗಿಸಿಕೊಂಡಿತು. ಅದಾದ ಮೇಲೆ ಹಿಂಡಿನ ಎಳೆಯ ಮರಿಗಳು ಒಂದೊಂದಾಗಿ ಕಚ್ಚಿಸಿಕೊಂಡು ಇಲ್ಲವಾದವು. ಮರಿ ಕಳೆದುಕೊಂಡ ತಾಯಂದಿರು ಮತ್ತೆ ಬೆದೆಗೆ ಬಂದು ಹೊಸ ಯಜಮಾನನೊಂದಿಗೆ ಕೂಡಿದವು. ಕಪಿಗಳಲ್ಲಿ ಶಿಶುಹತ್ಯೆಯ ಕುರಿತು ವಿಜ್ಞಾನಕ್ಕೆ ದೊರೆತ ಮೊದಲ ವಿವರವಾದ ವರದಿ ಇದೇ ನೆಲದ್ದು.

ಇದನ್ನು ಕೇಳಿದ ಅನೇಕರು ಆಗ ನಂಬಲಿಲ್ಲ. ಇದು ಅಪವಾದ, ಪ್ರಾಣಿಗಳ ಸಂಖ್ಯೆ ಹೆಚ್ಚಾಗಿ ಹುಟ್ಟಿದ ವಿಕೃತಿ ಎಂದರು. 1970ರ ದಶಕದಲ್ಲಿ ಸಾರಾ ಹರ್ಡಿ ಅವರು ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಇದೇ ಬಗೆಯ ಘಟನೆಗಳನ್ನು ಪರಿಶೀಲಿಸಿ, ಗಂಡಿನ ಸಂತಾನವೃದ್ಧಿಯ ದೃಷ್ಟಿಯಿಂದ ಇದಕ್ಕೆ ತರ್ಕವಿದೆ ಎಂದು ವಾದಿಸಿದ ಮೇಲೆ ಚರ್ಚೆಯ ದಿಕ್ಕೇ ಬದಲಾಯಿತು. ಮುಂದೆ ಚಿಂಪಾಂಜಿಗಳಲ್ಲಿಯೂ ಶಿಶುಹತ್ಯೆ ಕಂಡುಬಂದಿತು. ಇಲ್ಲಿ ನನಗೆ ಬೇಕಾದ ಅಂಶ ಒಂದೇ: ಯಾವ ಗಂಡು ಹೊಸಬ, ಯಾವ ಮರಿಗೆ ಯಾವ ತಾಯಿ ಎಂಬುದನ್ನು ಸುಗಿಯಾಮಾ ಗುರುತಿಟ್ಟುಕೊಂಡಿರದಿದ್ದರೆ ಅವರಿಗೆ ಕಾಣುತ್ತಿದ್ದುದು ಬರೀ ಕೋತಿಗಳ ಗಲಾಟೆ. ಅದೇ ಸುಗಿಯಾಮಾ ಮುಂದೆ ಆಫ್ರಿಕಾಕ್ಕೆ ಹೋಗಿ ಉಗಾಂಡಾದ ಬುಡೊಂಗೊ ಕಾಡಿನ ಚಿಂಪಾಂಜಿಗಳನ್ನು ನೋಡಿದರು. 1976ರಲ್ಲಿ ಗಿನಿ ದೇಶದ ಬೊಸ್ಸು ಎಂಬಲ್ಲಿ ದೀರ್ಘಕಾಲದ ಅಧ್ಯಯನವನ್ನು ಆರಂಭಿಸಿದರು. ಬೊಸ್ಸುವಿನ ಬಗ್ಗೆ ಮುಂದೆ ಹೇಳುತ್ತೇನೆ.

ಈಗ ತಾಂಜಾನಿಯಾದ ಗೊಂಬೆ ಎಂಬ ಕಾಡಿಗೆ ಬರೋಣ. ಜೇನ್ ಗುಡಾಲ್ ಅವರು 1960ರ ಜುಲೈ ತಿಂಗಳಲ್ಲಿ, ಮಾನವಶಾಸ್ತ್ರಜ್ಞ ಲೂಯಿ ಲೀಕಿ ಅವರ ಪ್ರೇರಣೆಯಿಂದ, ಟ್ಯಾಂಗನಿಕಾ ಸರೋವರದ ದಂಡೆಯ ಈ ಕಾಡಿಗೆ ಹೋದಾಗ ಚಿಂಪಾಂಜಿಗಳು ಅವರನ್ನು ದೂರದಿಂದ ಕಂಡೊಡನೆ ಓಡಿಹೋಗುತ್ತಿದ್ದವು. ಅದೇ ವರ್ಷದ ನವೆಂಬರ್‌ನಲ್ಲಿ, ತಾವು ಡೇವಿಡ್ ಗ್ರೇಬಿಯರ್ಡ್ ಎಂದು ಕರೆಯುತ್ತಿದ್ದ ಗಂಡು ಹುತ್ತದ ತೂತಿನೊಳಗೆ ಹುಲ್ಲಿನ ಕಡ್ಡಿ ಇಳಿಸಿ, ಅದಕ್ಕೆ ಕಚ್ಚಿಕೊಂಡ ಗೆದ್ದಲುಗಳನ್ನು ಬಾಯಿಂದ ಎಳೆದು ತಿನ್ನುವುದನ್ನು ಅವರು ಕಂಡರು. ಎಲೆ ಸವರಿ ಕಡ್ಡಿಯನ್ನು ಹದ ಮಾಡಿಕೊಳ್ಳುವುದನ್ನೂ ಕಂಡರು. ಉಪಕರಣ ಮಾಡುವ ಪ್ರಾಣಿ ಮನುಷ್ಯನೊಬ್ಬನೇ ಎಂಬ ವ್ಯಾಖ್ಯೆಯನ್ನು ಅಲ್ಲಿಂದ ಮುಂದೆ ಯಾರೂ ನಿಶ್ಚಿಂತೆಯಿಂದ ಬರೆಯುವಂತಿರಲಿಲ್ಲ. ಪ್ರಾಣಿಗಳಿಗೆ ಸಂಖ್ಯೆಯ ಬದಲು ಹೆಸರಿಟ್ಟುದಕ್ಕೆ ಗುಡಾಲ್ ಅವರನ್ನು ಆಗಿನ ಹಿರಿಯ ವಿಜ್ಞಾನಿಗಳು ಟೀಕಿಸಿದರು. ಹೆಸರಿಟ್ಟೋ ಸಂಖ್ಯೆಯಿಟ್ಟೋ, ಒಂದೊಂದು ಪ್ರಾಣಿಯನ್ನೂ ಬೇರೆ ಬೇರೆಯಾಗಿ ಬಲ್ಲ ಪದ್ಧತಿಯೇ ಇಂದು ಈ ಕ್ಷೇತ್ರದ ತಳಹದಿಯಾಗಿದೆ.

ಓಡಿಹೋಗುವ ಪ್ರಾಣಿಯನ್ನು ಅಧ್ಯಯನ ಮಾಡಲಾಗದು. ಹಾಗಾಗಿ ಅದು ಮನುಷ್ಯನಿಗೆ ಹೊಂದಿಕೊಳ್ಳುವವರೆಗೆ ಕಾಯಬೇಕು. ಗೊಂಬೆಯಲ್ಲಿ ಇದಕ್ಕಾಗಿ ಬಾಳೆಹಣ್ಣು ಇಟ್ಟರು. ತಾಂಜಾನಿಯಾದ್ದೇ ಆದ ಮಹಾಲೆ ಪರ್ವತಗಳಲ್ಲಿ 1965ರಲ್ಲಿ ಅಧ್ಯಯನ ಆರಂಭಿಸಿದ ತೊಶಿಸಾದಾ ನಿಶಿದಾ ಅವರು ಕಬ್ಬು ಇಟ್ಟರು. ಆಹಾರದ ಆಸೆಗೆ ಚಿಂಪಾಂಜಿಗಳು ಬೇಗ ಹತ್ತಿರ ಬಂದವು ನಿಜ, ಆದರೆ ಒಂದೇ ಜಾಗದಲ್ಲಿ ರುಚಿಯಾದ ತಿನಿಸು ಸಿಕ್ಕಾಗ ಜಗಳವೂ ಹೆಚ್ಚಾಯಿತೇ, ನಾವು ಅಳೆಯುತ್ತಿರುವುದು ಅವುಗಳ ಸಹಜ ನಡವಳಿಕೆಯನ್ನೋ ನಮ್ಮ ಬಾಳೆಹಣ್ಣಿನ ಪರಿಣಾಮವನ್ನೋ ಎಂಬ ಸಂಶಯ ಎದ್ದಿತು. ಇದು ನ್ಯಾಯವಾದ ಸಂಶಯ. 1979ರಲ್ಲಿ ಐವರಿ ಕೋಸ್ಟ್‌ನ ‘ತಾಯಿ’ (Taï) ಎಂಬ ಹೆಸರಿನ ಕಾಡಿನಲ್ಲಿ ಕೆಲಸ ಆರಂಭಿಸಿದ ಕ್ರಿಸ್ಟೋಫ್ ಬೋಶ್ ಮತ್ತು ಹೆಡ್ವಿಗ್ ಬೋಶ್ ದಂಪತಿ ಯಾವ ಆಹಾರವನ್ನೂ ಇಡದೆ, ಬರೀ ಹಿಂದೆ ಹಿಂದೆ ನಡೆದು, ಹಲವು ವರ್ಷಗಳಲ್ಲಿ ಚಿಂಪಾಂಜಿಗಳ ಭಯ ಬಿಡಿಸಿದರು. ಈಗ ಹೊಸ ನೆಲೆಗಳಲ್ಲಿ ಈ ದಾರಿಯನ್ನೇ ಹಿಡಿಯುತ್ತಾರೆ.

ದಿನದ ಕೆಲಸ ಹೇಗಿರುತ್ತದೆ ಎಂದು ವಿದ್ಯಾರ್ಥಿಗಳು ತಿಳಿದಿರಬೇಕು. ಚಿಂಪಾಂಜಿಗಳು ಪ್ರತಿ ಸಂಜೆ ಮರದ ಕೊಂಬೆಗಳನ್ನು ಬಾಗಿಸಿ ಹೊಸ ಹಾಸಿಗೆ ಮಾಡಿಕೊಂಡು ಮಲಗುತ್ತವೆ. ಅವು ಏಳುವ ಮೊದಲೇ, ಕತ್ತಲಿನಲ್ಲಿಯೇ, ಅಧ್ಯಯನಕಾರರು ಆ ಮರದ ಕೆಳಗೆ ಇರಬೇಕು. ಎದ್ದೊಡನೆ ಅವು ಹೊಯ್ಯುವ ಉಚ್ಚೆಯನ್ನು ಹಿಡಿದುಕೊಂಡರೆ ಹಾರ್ಮೋನುಗಳ ಮಟ್ಟ ತಿಳಿಯುತ್ತದೆ, ಹಿಕ್ಕೆಯಲ್ಲಿನ ಡಿಎನ್‌ಎಯಿಂದ ಯಾವ ಮರಿಗೆ ಯಾವ ತಂದೆ ಎಂದು ತಿಳಿಯುತ್ತದೆ. ಬಳಿಕ ದಿನವಿಡೀ ಮೊದಲೇ ಆರಿಸಿಕೊಂಡ ಒಂದೇ ಪ್ರಾಣಿಯ ಬೆನ್ನು ಹತ್ತುತ್ತಾರೆ. ಅದು ಏನು ಮಾಡಿತು, ಯಾರ ಹತ್ತಿರ ಕುಳಿತಿತು, ಯಾರ ಮೈ ಹೆಕ್ಕಿತು ಎಂದು ಬರೆಯುತ್ತಾರೆ. ಈ ಕ್ರಮದ ಮಹತ್ವವನ್ನು ಬಬೂನುಗಳ ಅಧ್ಯಯನಕಾರ್ತಿ ಜೀನ್ ಆಲ್ಟ್‌ಮನ್ 1974ರ ತಮ್ಮ ಲೇಖನದಲ್ಲಿ ವಿವರಿಸಿದರು. ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದುಕೊಳ್ಳುತ್ತ ಹೋದರೆ ಜಗಳ, ಬೇಟೆಯಂಥ ಗದ್ದಲದ ಸಂಗತಿಗಳೇ ಪುಸ್ತಕ ತುಂಬುತ್ತವೆ, ಮೌನವಾಗಿ ನಡೆಯುವ ಸಂಗತಿಗಳು ತಪ್ಪಿಹೋಗುತ್ತವೆ ಎಂಬ ಅವರ ಎಚ್ಚರಿಕೆ ಚಿಂಪಾಂಜಿಗಳಿಗಷ್ಟೇ ಅಲ್ಲ, ನಮ್ಮ ಮುಸುವಗಳಿಗೂ ಸಲ್ಲುತ್ತದೆ.

ಹೀಗೆ ಬರೆದಿಟ್ಟವರಲ್ಲಿ ಆಯಾ ದೇಶದ ಸ್ಥಳೀಯ ಸಹಾಯಕರ ಪಾಲು ದೊಡ್ಡದು. ಅದಕ್ಕೆ ಸಲ್ಲಬೇಕಾದ ಮಾನ್ಯತೆ ಸಂದಿಲ್ಲ ಎಂದು ನಾನು ಬಲವಾಗಿ ನಂಬಿದ್ದೇನೆ. 1974ರ ಜನವರಿಯಲ್ಲಿ ಗೊಂಬೆಯ ಕಸಕೇಲಾ ಸಮುದಾಯದ ಗಂಡುಗಳು, ತಮ್ಮಿಂದಲೇ ಒಡೆದು ಹೋಗಿದ್ದ ಕಹಾಮಾ ಸಮುದಾಯದ ಒಂದು ಗಂಡಿನ ಮೇಲೆ ನಡೆಸಿದ ಮಾರಕ ದಾಳಿಯನ್ನು ಕಂಡು ದಾಖಲಿಸಿದವರು ತಾಂಜಾನಿಯಾದ ಹಿಲಾಲಿ ಮಟಾಮಾ. ಮುಂದಿನ ನಾಲ್ಕು ವರ್ಷಗಳಲ್ಲಿ ಕಹಾಮಾ ಸಮುದಾಯ ಅಳಿದುಹೋಯಿತು. ಈ ನಡುವೆ 1975ರಲ್ಲಿ ಬಂಡುಕೋರರು ಗೊಂಬೆಯಿಂದ ನಾಲ್ವರು ಯುವ ಸಂಶೋಧಕರನ್ನು ಅಪಹರಿಸಿದ ಮೇಲೆ ವಿದೇಶಿ ವಿದ್ಯಾರ್ಥಿಗಳು ಅಲ್ಲಿಂದ ಹೊರಟುಹೋದರು. ದಾಖಲೆಯ ಸರಪಳಿ ಕಡಿಯದೆ ಉಳಿದದ್ದು ಅಲ್ಲಿನ ಸಹಾಯಕರು ದಿನವೂ ಕಾಡಿಗೆ ಹೋಗುತ್ತಿದ್ದುದರಿಂದ.

ಇನ್ನು ಕೂಗುಗಳ ವಿಷಯ. ಬಹಳ ಸರಳವಾದ ಒಂದರಿಂದ ಆರಂಭಿಸುತ್ತೇನೆ. ಕೆಳದರ್ಜೆಯ ಚಿಂಪಾಂಜಿ ಮೇಲ್ದರ್ಜೆಯ ಚಿಂಪಾಂಜಿಯನ್ನು ಎದುರುಗೊಂಡಾಗ ಏದುಸಿರಿನೊಂದಿಗೆ ಹೂಂಕರಿಸುವಂಥ ಒಂದು ಸದ್ದು ಮಾಡುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರು ಬಂದಾಗ ಕಿರಿಯರು ಎದ್ದು ನಿಲ್ಲುವಂತೆ ಇದು ಕೆಳಗಿನಿಂದ ಮೇಲಕ್ಕೆ ಮಾತ್ರ ಸಲ್ಲುತ್ತದೆ. ಆದ್ದರಿಂದ ಯಾರು ಯಾರಿಗೆ ಈ ಸದ್ದು ಮಾಡಿದರು ಎಂದು ತಿಂಗಳುಗಟ್ಟಲೆ ಪಟ್ಟಿ ಮಾಡಿದರೆ ಇಡೀ ಸಮುದಾಯದ ಮೇಲು ಕೀಳಿನ ಕ್ರಮ ತಾನಾಗಿ ಹೊರಬರುತ್ತದೆ. ಆದರೆ ಬುಡೊಂಗೊದಲ್ಲಿ ಇನ್ನೊಂದು ಸೂಕ್ಷ್ಮ ಕಂಡುಬಂದಿತು: ಸಮುದಾಯದ ಮೊದಲ ದರ್ಜೆಯ ಗಂಡು ಸಮೀಪದಲ್ಲಿದ್ದರೆ ಹೆಣ್ಣುಗಳು ಇತರ ಗಂಡುಗಳಿಗೆ ಈ ವಂದನೆ ಸಲ್ಲಿಸುವುದು ಕಡಿಮೆಯಾಗುತ್ತದೆ. ಸದ್ದು ಎದುರಿಗಿದ್ದವನನ್ನು ಕಂಡೊಡನೆ ತಾನಾಗಿ ಹೊರಬೀಳುವ ಉದ್ಗಾರ ಮಾತ್ರವಾಗಿದ್ದರೆ, ಪಕ್ಕದಲ್ಲಿ ಯಾರಿದ್ದಾರೆ ಎಂಬುದರಿಂದ ಅದು ಬದಲಾಗಬೇಕಾಗಿರಲಿಲ್ಲ.

ದೂರಕ್ಕೆ ಕೇಳುವ ಕೂಗು ಇನ್ನೊಂದು ಬಗೆಯದು. ಮೆಲ್ಲಗೆ ಹೂ ಹೂ ಎಂದು ಆರಂಭವಾಗಿ, ಉಸಿರು ಒಳಗೂ ಹೊರಗೂ ಎಳೆಯುತ್ತ ವೇಗ ಪಡೆದು, ಚೀರಾಟದ ತುತ್ತತುದಿಗೆ ಮುಟ್ಟಿ ಮತ್ತೆ ಇಳಿಯುವ ಈ ಕೂಗು ಕಿಲೋಮೀಟರಿಗಿಂತ ಆಚೆಗೂ ಕೇಳಿಸುತ್ತದೆ. ಪ್ರತಿಯೊಂದು ಗಂಡಿನ ಕೂಗಿಗೂ ತನ್ನದೇ ಛಾಪು ಇರುತ್ತದೆ. ಇದರೊಂದಿಗೆ ದೊಡ್ಡ ಮರಗಳ ಹಲಗೆಯಂತೆ ಚಾಚಿಕೊಂಡ ಬೇರುಗಳನ್ನು ಕೈಕಾಲುಗಳಿಂದ ಬಡಿಯುತ್ತವೆ. ಆ ಬಡಿತದ ಲಯದಲ್ಲಿಯೂ ಒಂದೊಂದು ಗಂಡಿಗೆ ಒಂದೊಂದು ರೀತಿ ಇದೆ ಎಂದು ಬುಡೊಂಗೊದ ಧ್ವನಿಮುದ್ರಣಗಳ ವಿಶ್ಲೇಷಣೆ ತೋರಿಸಿದೆ.

ಕೈಸನ್ನೆಗಳ ಅಧ್ಯಯನದಲ್ಲಿ ಬಳಸಿದ ಪದ್ಧತಿ ನನಗೆ ಬಹಳ ಮೆಚ್ಚುಗೆಯಾದದ್ದು. ಬುಡೊಂಗೊದಲ್ಲಿ ಕ್ಯಾಥರೀನ್ ಹೊಬೈಟರ್ ಮತ್ತು ರಿಚರ್ಡ್ ಬರ್ನ್ ಅವರು ವಿಡಿಯೊ ಚಿತ್ರಣಗಳಿಂದ ಕನಿಷ್ಠ 66 ಬಗೆಯ ಸನ್ನೆಗಳನ್ನು ಗುರುತಿಸಿ 2011ರಲ್ಲಿ ಪ್ರಕಟಿಸಿದರು. ಸನ್ನೆಯನ್ನು ಎಣಿಸುವುದು ಸುಲಭ, ಅದರ ಅರ್ಥ ಹೇಳುವುದು ಕಷ್ಟ. ಅವರು ಕೇಳಿಕೊಂಡ ಪ್ರಶ್ನೆ ಇದು: ಎದುರಿನ ಪ್ರಾಣಿ ಏನು ಮಾಡಿದಾಗ ಸನ್ನೆ ಮಾಡಿದ ಪ್ರಾಣಿ ತೃಪ್ತಿಗೊಂಡು ಸುಮ್ಮನಾಗುತ್ತದೆ? ತಾಯಿ ಮರಿಯತ್ತ ಪಾದದ ಅಂಗಾಲನ್ನು ತೋರಿಸುತ್ತಾಳೆ. ಮರಿ ಬೆನ್ನೇರಿದೊಡನೆ ಸನ್ನೆ ನಿಲ್ಲಿಸಿ ಹೊರಡುತ್ತಾಳೆ. ಮರಿ ಏರದಿದ್ದರೆ ಕಾಯುತ್ತಾಳೆ, ಮತ್ತೆ ತೋರಿಸುತ್ತಾಳೆ. ಇಂಥ ಘಟನೆ ಬೇರೆ ಬೇರೆ ತಾಯಂದಿರಲ್ಲಿ ಮತ್ತೆ ಮತ್ತೆ ಒಂದೇ ರೀತಿ ಮುಗಿದರೆ ‘ಬೆನ್ನೇರು’ ಎಂಬ ಅರ್ಥವನ್ನು ನಾವು ಊಹೆಯಿಂದ ಹೇರಿದಂತಾಗುವುದಿಲ್ಲ, ಆ ಪ್ರಾಣಿಗಳೇ ಅದನ್ನು ಖಚಿತಪಡಿಸಿದಂತಾಗುತ್ತದೆ. ಗಮನಿಸಿ, ಇಲ್ಲಿ ಮೂರು ಸಂಗತಿಗಳು ಬೇಕು: ಎದುರಿನವರು ನೋಡುತ್ತಿದ್ದಾರೆಯೇ ಎಂದು ಸನ್ನೆ ಮಾಡುವವರು ಪರೀಕ್ಷಿಸಬೇಕು, ಪ್ರತಿಕ್ರಿಯೆಗೆ ಕಾಯಬೇಕು, ಬಾರದಿದ್ದರೆ ಪಟ್ಟು ಹಿಡಿಯಬೇಕು.

ಹೆಚ್ಚಿನ ಸನ್ನೆಗಳು ಹುಟ್ಟಿನಿಂದಲೇ ಬಂದವು, ಎಲ್ಲ ಸಮುದಾಯಗಳಿಗೂ ಸಾಮಾನ್ಯವಾದವು ಎಂಬುದು ಇವರ ಅಭಿಪ್ರಾಯ. ಆದರೆ ಇದಕ್ಕೆ ಎದುರಾಗಿ ನಿಲ್ಲುವ ಒಂದು ಉದಾಹರಣೆಯೂ ಇದೆ. ಮಹಾಲೆಯಲ್ಲಿ ನಿಶಿದಾ ಅವರು, ಎಲೆಯನ್ನು ತಿನ್ನದೆ ಹಲ್ಲಿನಿಂದ ಚೂರು ಚೂರಾಗಿ ಹರಿದು ಸದ್ದು ಮಾಡುವ ನಡವಳಿಕೆಯನ್ನು 1980ರಲ್ಲಿ ವರ್ಣಿಸಿದರು. ಅಲ್ಲಿ ಗಂಡು ಹೆಣ್ಣನ್ನು ಓಲೈಸಲು ಅದನ್ನು ಬಳಸುತ್ತದೆ. ತಾಯಿ ಕಾಡಿನ ಗಂಡುಗಳು ಬೇರು ಬಡಿಯುವ ಮೊದಲು ಅದೇ ಸದ್ದು ಮಾಡುತ್ತವೆ. ಬೊಸ್ಸುವಿನಲ್ಲಿ ಅದು ಆಟಕ್ಕೆ ಕರೆಯುವ ಕ್ರಮ. ಮಾಡುವ ಕೆಲಸ ಒಂದೇ, ಊರಿಂದ ಊರಿಗೆ ಬಳಕೆ ಬೇರೆ. ಹುಟ್ಟಿನಿಂದ ಬಂದದ್ದೆಷ್ಟು, ನೋಡಿ ಕಲಿತದ್ದೆಷ್ಟು ಎಂಬ ವಿವಾದ ಇನ್ನೂ ಬಗೆಹರಿದಿಲ್ಲ, ಮತ್ತು ಒಂದೇ ನೆಲೆಯಲ್ಲಿ ಕುಳಿತು ಅದನ್ನು ಬಗೆಹರಿಸಲಾಗದು.

ಈಗ ಹಾವಿನ ಪ್ರಯೋಗ. ಇದಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡುತ್ತೇನೆ. ಬುಡೊಂಗೊದಲ್ಲಿ ಕ್ಯಾಥರೀನ್ ಕ್ರಾಕ್‌ಫರ್ಡ್, ರೋಮನ್ ವಿಟ್ಟಿಗ್, ಕ್ಲಾಸ್ ಜುಬರ್‌ಬ್ಯೂಲರ್ ಮತ್ತು ಅವರ ಸಂಗಡಿಗರು ಚಿಂಪಾಂಜಿಗಳು ಬರುವ ದಾರಿಯಲ್ಲಿ ಕೃತಕ ಹಾವೊಂದನ್ನು ಇಟ್ಟರು. ಅದು ನಮ್ಮ ಕೊಳಕುಮಂಡಲದ ಬಳಗಕ್ಕೆ ಸೇರಿದ, ಅಲುಗಾಡದೆ ಎಲೆಗಳ ನಡುವೆ ಬಿದ್ದಿರುವ ಗಬೂನ್ ವೈಪರ್ ಎಂಬ ವಿಷಸರ್ಪದ ಮಾದರಿ. ಇಂಥ ಹಾವು ಬೆನ್ನಟ್ಟಿ ಬರುವುದಿಲ್ಲ. ಇರುವ ಜಾಗ ಗೊತ್ತಿದ್ದರೆ ಅಪಾಯವಿಲ್ಲ, ಗೊತ್ತಿಲ್ಲದೆ ತುಳಿದರೆ ಸಾವು. ಹೀಗಾಗಿ ‘ಗೊತ್ತಿರುವವರು’ ಮತ್ತು ‘ಗೊತ್ತಿಲ್ಲದವರು’ ಎಂಬ ಭೇದ ಇಲ್ಲಿ ಜೀವನ್ಮರಣದ್ದು. ಹಾವನ್ನು ಕಂಡ ಚಿಂಪಾಂಜಿ ಎಚ್ಚರಿಕೆಯ ‘ಹೂ’ ಕೂಗನ್ನು ಹೊರಡಿಸುತ್ತದೆ. ಹಾವನ್ನು ಕಂಡಿರದ, ಮೊದಲಿನ ಎಚ್ಚರಿಕೆಯನ್ನೂ ಕೇಳಿರದ ಸಂಗಾತಿಗಳು ಹತ್ತಿರವಿದ್ದಾಗ ಈ ಕೂಗು ಹೆಚ್ಚುತ್ತದೆ, ಅದಾಗಲೇ ತಿಳಿದವರೇ ಸುತ್ತಲಿದ್ದರೆ ಕಡಿಮೆಯಾಗುತ್ತದೆ ಎಂದು 2012ರಲ್ಲಿ ಅವರು ವರದಿ ಮಾಡಿದರು. 2017ರ ಪ್ರಯೋಗದಲ್ಲಿ ಇದನ್ನು ಇನ್ನೂ ಬಿಗಿಗೊಳಿಸಿದರು. ಹಾವಿನ ಸಮೀಪಕ್ಕೆ ಬರುತ್ತಿರುವ ಚಿಂಪಾಂಜಿಗೆ, ಅದರ ಸಂಗಾತಿಯದೇ ಧ್ವನಿಯಲ್ಲಿ, ಒಮ್ಮೆ ವಿಶ್ರಾಂತಿಯ ಸಮಯದ ‘ಹೂ’ ಕೂಗನ್ನು, ಇನ್ನೊಮ್ಮೆ ಎಚ್ಚರಿಕೆಯ ‘ಹೂ’ ಕೂಗನ್ನು ಮರೆಯಲ್ಲಿಟ್ಟ ಸ್ಪೀಕರಿನಿಂದ ಕೇಳಿಸಿದರು. ವಿಶ್ರಾಂತಿಯ ಕೂಗನ್ನು ಕೇಳಿದ್ದ ಪ್ರಾಣಿ ಹಾವನ್ನು ಕಂಡಾಗ ಹೆಚ್ಚು ಕೂಗಿತು, ಸಂಗಾತಿಯ ದಿಕ್ಕಿಗೂ ಹಾವಿನತ್ತಲೂ ಹೆಚ್ಚು ಬಾರಿ ನೋಡಿತು. ಎಚ್ಚರಿಕೆಯ ಕೂಗನ್ನು ಕೇಳಿದ್ದರೆ, ಆ ಸಂಗಾತಿಗೆ ವಿಷಯ ಗೊತ್ತಿದೆ ಎಂಬಂತೆ ವರ್ತಿಸಿತು.

‘ಎಂಬಂತೆ’ ಎಂದು ಬೇಕೆಂದೇ ಹೇಳುತ್ತಿದ್ದೇನೆ. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಚಿಂಪಾಂಜಿ ಅರಿಯುತ್ತದೆಯೋ, ಇಲ್ಲವೆ ‘ಎಚ್ಚರಿಕೆ ಕೂಗಿದವರಿಗೆ ಮತ್ತೆ ಕೂಗಬೇಕಾಗಿಲ್ಲ’ ಎಂಬ ಕಲಿತ ನಡವಳಿಕೆಯಷ್ಟೇ ಇದೆಯೋ ಎಂಬ ವಾದ ವಿಜ್ಞಾನಿಗಳ ನಡುವೆ ನಡೆದೇ ಇದೆ. ನನ್ನ ಒಲವು ಮೊದಲನೆಯದರತ್ತ. ಆದರೂ ಎರಡನೆಯ ಸಾಧ್ಯತೆಯನ್ನು ತಳ್ಳಿಹಾಕಲು ಬೇಕಾದಷ್ಟು ಸಾಕ್ಷಿ ನಮ್ಮ ಕೈಯಲ್ಲಿಲ್ಲ, ಮತ್ತು ವಿದ್ಯಾರ್ಥಿಗಳಾದ ನೀವು ಇಂಥ ಲೇಖನಗಳನ್ನು ಓದುವಾಗ ಆ ಸಾಧ್ಯತೆಯನ್ನು ಸದಾ ಪಕ್ಕದಲ್ಲಿಟ್ಟುಕೊಂಡಿರಬೇಕು.

ಕೂಗುಗಳನ್ನು ಜೋಡಿಸುವ ಸಾಮರ್ಥ್ಯದ ಬಗ್ಗೆಯೂ ಇತ್ತೀಚೆಗೆ ಒಳ್ಳೆಯ ಕೆಲಸವಾಗಿದೆ. ತಾಯಿ ಕಾಡಿನ 46 ವಯಸ್ಕ ಚಿಂಪಾಂಜಿಗಳ 4,826 ಧ್ವನಿಮುದ್ರಣಗಳನ್ನು ವಿಶ್ಲೇಷಿಸಿ, ಹನ್ನೆರಡು ಬಗೆಯ ಬಿಡಿ ಕೂಗುಗಳಿಂದ 390 ಬೇರೆ ಬೇರೆ ಸರಣಿಗಳು ಉಂಟಾಗಿವೆ ಎಂದು ಸಂಶೋಧಕರು 2022ರಲ್ಲಿ ಪ್ರಕಟಿಸಿದರು. ಪತ್ರಿಕೆಗಳು ಇದನ್ನು ಚಿಂಪಾಂಜಿಗಳ ‘ಭಾಷೆ’ ಎಂದು ಸಂಭ್ರಮಿಸಿದವು. ಅದು ಅವಸರದ ಮಾತು. ಸರಣಿಗಳಿವೆ, ಅವುಗಳಲ್ಲಿ ಕ್ರಮವೂ ಇದೆ, ಆದರೆ ಅವುಗಳಲ್ಲಿ ಎಷ್ಟಕ್ಕೆ ಪ್ರತ್ಯೇಕ ಅರ್ಥವಿದೆ ಎಂಬುದು ಬೇರೆಯೇ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಹುಡುಕುವ ಬಗೆಯನ್ನು 2023ರ ಬುಡೊಂಗೊ ಪ್ರಯೋಗವೊಂದು ತೋರಿಸಿತು. ಹಾವು ಕಂಡಾಗ ಅಲ್ಲಿನ ಚಿಂಪಾಂಜಿಗಳು ಎಚ್ಚರಿಕೆಯ ಕೂಗಿಗೆ, ಜಗಳ ಅಥವಾ ಬೇಟೆಯಲ್ಲಿ ಸಂಗಾತಿಗಳನ್ನು ಕರೆಯುವಾಗ ಬಳಸುವ ಬೊಗಳುವಂಥ ಕೂಗನ್ನು ಜೋಡಿಸುತ್ತವೆ. ಈ ಜೋಡಿಯನ್ನು ಸ್ಪೀಕರಿನಿಂದ ಕೇಳಿಸಿದಾಗ, ಎರಡರಲ್ಲಿ ಯಾವುದೋ ಒಂದನ್ನಷ್ಟೇ ಕೇಳಿಸಿದಾಗಿಗಿಂತ ಅವು ಹೆಚ್ಚು ತೀವ್ರವಾಗಿ ಪ್ರತಿಕ್ರಿಯಿಸಿದವು. ಇಲ್ಲಿಯೂ ತೀರ್ಪು ಕೊಟ್ಟವರು ಕೇಳುಗರೇ.

ಬೊಸ್ಸುವಿನ ಬಗ್ಗೆ ಹೇಳುತ್ತೇನೆ ಎಂದಿದ್ದೆ. ಸುಗಿಯಾಮಾ ಆರಂಭಿಸಿದ, ಮುಂದೆ ತೆತ್ಸುರೊ ಮತ್ಸುಜಾವಾ ವಿಸ್ತರಿಸಿದ ಈ ನೆಲೆ ಹಳ್ಳಿಗೆ ಅಂಟಿಕೊಂಡ ಸಣ್ಣ ಗುಡ್ಡಗಾಡು. ಅಲ್ಲಿನ ಮನೋನ್ ಜನರು ಚಿಂಪಾಂಜಿಗಳನ್ನು ಪೂರ್ವಜರೊಂದಿಗೆ ಬೆಸೆದು ಪೂಜ್ಯಭಾವದಿಂದ ಕಾಣುತ್ತಾರೆ, ಬೇಟೆಯಾಡುವುದಿಲ್ಲ. ಬೊಸ್ಸುವಿನ ಚಿಂಪಾಂಜಿಗಳು ಎಣ್ಣೆತಾಳೆಯ ಬೀಜವನ್ನು ಒಂದು ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಕುಟ್ಟಿ ತಿರುಳು ತಿನ್ನುತ್ತವೆ. ಮರಿಗಳು ಮೂರರಿಂದ ಐದು ವರ್ಷದೊಳಗೆ, ತಾಯಿಯ ಕೈಯನ್ನು ಮುಖವಿಟ್ಟು ನೋಡುತ್ತ, ಇದನ್ನು ಕಲಿಯುತ್ತವೆ. ಬಾಲ್ಯದಲ್ಲಿ ಕಲಿಯದೆ ಉಳಿದವು ಮುಂದೆ ಕಲಿಯುವುದು ಕಾಣುವುದಿಲ್ಲ. ಮತ್ಸುಜಾವಾ ಅವರು ಬೊಸ್ಸುವಿನಲ್ಲಿ ಬೆಳೆಯದ ಕೂಲಾ ಎಂಬ ಬೀಜವನ್ನು ಅಲ್ಲಿ ಇಟ್ಟಾಗ ಉಳಿದವು ಮೂಸಿ, ಕಚ್ಚಿ ನೋಡಿದವು. ಯೋ ಎಂಬ ಹೆಣ್ಣು ಮಾತ್ರ ಅದನ್ನು ಕಂಡೊಡನೆ ಕಲ್ಲಿನ ಮೇಲಿಟ್ಟು ಒಡೆದಳು. ಆ ಬೀಜ ಸಿಗುವ ನೆರೆಯ ಸಮುದಾಯದಲ್ಲಿ ಹುಟ್ಟಿ, ಹರೆಯದಲ್ಲಿ ಇಲ್ಲಿಗೆ ಬಂದು ಸೇರಿದವಳು ಆಕೆ ಇರಬೇಕು ಎಂಬುದು ಅವರ ಊಹೆ. ಎಳೆಯ ಚಿಂಪಾಂಜಿಗಳು ಅವಳ ಸುತ್ತ ನೆರೆದು ನೋಡಿದವು. ತವರಿನ ವಿದ್ಯೆ ಸೊಸೆಯಾಗಿ ಬಂದವಳ ಕೈಯಿಂದ ಹೊಸ ಊರಿಗೆ ದಾಟುವ ಕ್ಷಣವನ್ನು ಇಷ್ಟು ಸ್ಪಷ್ಟವಾಗಿ ಕಂಡದ್ದು ಬಹಳ ಅಪರೂಪ. ತಾಯಿ ಕಾಡಿನಲ್ಲಿ ನೆಲ ಅಗೆದು ತೆಗೆದ ಕುಟ್ಟುಗಲ್ಲುಗಳು 4,300 ವರ್ಷಗಳಷ್ಟು ಹಳೆಯವೆಂದು 2007ರಲ್ಲಿ ಪ್ರಕಟವಾಯಿತು. ಅಷ್ಟು ಕಾಲದಿಂದ ತಾಯಿಯಿಂದ ಮರಿಗೆ ಸಾಗಿಬಂದ ವಿದ್ಯೆ ಇದು.

ಆದರೆ 2003ರಲ್ಲಿ ಉಸಿರಾಟದ ಸೋಂಕೊಂದು ಬೊಸ್ಸುವಿನ ಸಣ್ಣ ಸಮುದಾಯದಲ್ಲಿ ಐದು ಚಿಂಪಾಂಜಿಗಳನ್ನು ಬಲಿ ತೆಗೆದುಕೊಂಡಿತು. ಆ ಸಮುದಾಯ ಮತ್ತೆ ಚೇತರಿಸಿಕೊಳ್ಳಲಿಲ್ಲ. 2013ರಲ್ಲಿ ಕಿಬಾಲೆಯ ಕನ್ಯಾವಾರಾ ಸಮುದಾಯದ 56 ಚಿಂಪಾಂಜಿಗಳಲ್ಲಿ ಐದು, ನಮಗೆ ನೆಗಡಿ ತರಿಸುವ ಬಗೆಯ ರೈನೊವೈರಸ್‌ನಿಂದ ಸತ್ತವು. ನಮ್ಮ ಸೀನು ಅವುಗಳಿಗೆ ಮರಣವಾಗಬಲ್ಲದು. ಇದರಿಂದಾಗಿ ಸಂಶೋಧಕರು ಮುಖಗವಸು ಧರಿಸಿ, ಹಲವು ಮೀಟರ್ ದೂರ ಕಾಯ್ದುಕೊಂಡು ಕೆಲಸ ಮಾಡುತ್ತಾರೆ. ಹತ್ತಿರ ಹೋಗದೆ ತಿಳಿಯಲಾಗದು, ಹತ್ತಿರ ಹೋದರೆ ಹಾನಿಯಾಗಬಹುದು ಎಂಬ ಈ ಇಕ್ಕಟ್ಟು ನನ್ನನ್ನು ನಿಜವಾಗಿ ಕಾಡುತ್ತದೆ. 2019ರಲ್ಲಿ 144 ಸಮುದಾಯಗಳ 31 ಬಗೆಯ ನಡವಳಿಕೆಗಳನ್ನು ಹೋಲಿಸಿದ ಅಧ್ಯಯನವೊಂದು, ಮನುಷ್ಯರ ಒತ್ತಡ ಹೆಚ್ಚಿರುವ ಕಡೆ ನಡವಳಿಕೆಗಳ ವೈವಿಧ್ಯವೂ ಕುಗ್ಗಿದೆ ಎಂದು ತೋರಿಸಿತು. ಪ್ರಾಣಿಗಳು ಉಳಿದಿದ್ದರೂ ಅವುಗಳ ಕಲಿಕೆ ಕಳೆದುಹೋಗಬಹುದು ಎಂದು ಇದರ ಅರ್ಥ.

ಕೊನೆಯಲ್ಲಿ ವಿದ್ಯಾರ್ಥಿನಿಯೊಬ್ಬರು ಕೇಳಿದ ಪ್ರಶ್ನೆಗೆ ಉತ್ತರಿಸುತ್ತೇನೆ: ಕಾಡಿನಲ್ಲಿ ಕ್ಯಾಮೆರಾ ಮತ್ತು ಧ್ವನಿಮುದ್ರಕಗಳನ್ನು ಕಟ್ಟಿಟ್ಟು, ಮನುಷ್ಯರು ಹೋಗದೆಯೇ ಈ ಅಧ್ಯಯನ ಮಾಡಬಹುದಲ್ಲವೇ ಎಂಬುದು ಅವರ ಪ್ರಶ್ನೆ. ಬಹಳಷ್ಟನ್ನು ಮಾಡಬಹುದು, ಮಾಡುತ್ತಲೂ ಇದ್ದಾರೆ. ಮನುಷ್ಯರಿಗೆ ಹೊಂದಿಕೊಳ್ಳದ ಸಮುದಾಯಗಳು ಎಲ್ಲಿವೆ, ಅವು ಯಾವ ಉಪಕರಣ ಬಳಸುತ್ತವೆ, ಬೇರು ಬಡಿಯುವ ಸದ್ದು ಯಾವ ಹೊತ್ತಿನಲ್ಲಿ ಎಷ್ಟು ಸಲ ಕೇಳಿಬರುತ್ತದೆ ಎಂಬುದನ್ನೆಲ್ಲ ಯಂತ್ರಗಳು ತಿಳಿಸುತ್ತವೆ, ರೋಗ ಹರಡುವ ಭಯವೂ ಕಡಿಮೆ. ಆದರೆ ಹಾವಿನ ಪ್ರಯೋಗವನ್ನು ನೆನಪಿಸಿಕೊಳ್ಳಿ. ಮರಕ್ಕೆ ಕಟ್ಟಿದ ಧ್ವನಿಮುದ್ರಕಕ್ಕೆ ‘ಹೂ’ ಎಂಬ ಕೂಗು ಸಿಗುತ್ತದೆ. ಇಪ್ಪತ್ತು ಮೀಟರ್ ಹಿಂದೆ ಪೊದೆಯ ಮರೆಯಲ್ಲಿ ಬರುತ್ತಿದ್ದ ಅದರ ಗೆಳೆಯ ಆ ಹಾವನ್ನು ಮೊದಲೇ ನೋಡಿದ್ದನೇ ಇಲ್ಲವೇ ಎಂಬುದು ಅದಕ್ಕೆ ಸಿಗುವುದಿಲ್ಲ. ಅದನ್ನು ಬರೆದುಕೊಳ್ಳಲು, ಆ ಇಬ್ಬರನ್ನೂ ಮುಖ ನೋಡಿ ಗುರುತಿಸಬಲ್ಲ ಒಬ್ಬರು, ಪುಸ್ತಕ ಹಿಡಿದು, ಅಲ್ಲಿ ನಿಂತಿರಬೇಕಾಗುತ್ತದೆ.